ಮೊಬೈಲ್ ವಿಕಿರಣ: ಮೊದಲು ಕೈಯಲ್ಲಿರುವ ಫೋನು, ಆಮೇಲೆ ಎದುರಿನ ಟವರು

ಮನೆ ಎದುರು ಟವರ್ ಎದ್ದರೆ ಬೀದಿಯವರೆಲ್ಲ ಒಟ್ಟಾಗುತ್ತಾರೆ. ಅದೇ ಬೀದಿಯವರು ಸಿಗ್ನಲ್ ಬಾರದ ಕೋಣೆಯಲ್ಲಿ ಗಂಟೆಗಟ್ಟಲೆ ಫೋನನ್ನು ಕಿವಿಗೊತ್ತಿಕೊಂಡು ಮಾತನಾಡುವಾಗ ಯಾರೂ ತಕರಾರು ಎತ್ತುವುದಿಲ್ಲ. ಮೈಗೆ ತಾಗುವ ರೇಡಿಯೊ ಶಕ್ತಿಯ ಲೆಕ್ಕ ಹಿಡಿದರೆ ಆತಂಕದ ಈ ಹಂಚಿಕೆ ತಲೆಕೆಳಗಾಗಿದೆ.

ಲೆಕ್ಕ ನೋಡಿ. ಟವರಿನ ಒಂದು ಆಂಟೆನಾಗೆ 20 ವ್ಯಾಟ್ ಹೋಗುತ್ತದೆ, ಅದು ಆ ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸಿ 50 ಪಟ್ಟು ತೀವ್ರವಾಗಿಸುತ್ತದೆ ಎಂದುಕೊಳ್ಳೋಣ. ಕಿರಣದ ನಟ್ಟನಡುವೆ, 100 ಮೀಟರ್ ದೂರದಲ್ಲಿ, ನಡುವೆ ಗೋಡೆಯೂ ಇಲ್ಲದೆ ನಿಂತವರಿಗೆ ಸಿಗುವುದು ಚದರ ಮೀಟರಿಗೆ ಸುಮಾರು 8 ಮಿಲಿವ್ಯಾಟ್. ಅದರಲ್ಲಿ ಮೈಯೊಳಗೆ ಇಳಿಯುವುದು ದೇಹತೂಕದ ಪ್ರತಿ ಕಿಲೋಗೆ ಸರಿಸುಮಾರು 0.00015 ವ್ಯಾಟ್. ಕಿವಿಗೊತ್ತಿದ ಫೋನು ಪೂರ್ಣ ಶಕ್ತಿಯಲ್ಲಿ ಕೂಗುತ್ತಿದ್ದರೆ ಅದರ ಪಕ್ಕದ ಅಂಗಾಂಶಕ್ಕೆ ಕಿಲೋಗೆ 1 ವ್ಯಾಟ್‌ವರೆಗೂ ಇಳಿಯಬಹುದು. ಮೊದಲನೆಯದು ಇಡೀ ದೇಹದ ಸರಾಸರಿ, ಎರಡನೆಯದು ತಲೆಯ ಒಂದು ಚಿಕ್ಕ ಭಾಗದ್ದು. ಹಾಗಾಗಿ ಒಂದನ್ನು ಇನ್ನೊಂದರಿಂದ ನೇರವಾಗಿ ಭಾಗಿಸುವಂತಿಲ್ಲ. ಆದರೂ ಅಂತರ ಸಾವಿರಗಳಲ್ಲಿದೆ. ನಿಮ್ಮ ಹತೋಟಿಯಲ್ಲಿ ಇರುವುದೂ ಈ ಎರಡನೆಯದೇ. ಆದ್ದರಿಂದ ಕೆಲಸ ಫೋನಿನಿಂದ ಶುರುವಾಗಲಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಎಕ್ಸ್‌ರೇ, ಗಾಮಾ ಕಿರಣಗಳಿಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಒಂದು ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯಲು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಬೇಕು. 3.5 ಗಿಗಾಹರ್ಟ್ಸ್‌ನ 5ಜಿ ತರಂಗದ ಒಂದು ಕಣದಲ್ಲಿ ಇರುವುದು ಅದರ ಹತ್ತು ಲಕ್ಷದಲ್ಲೊಂದು ಪಾಲಿನ ಆಸುಪಾಸು. ಇದು ಡಿಎನ್‌ಎಯನ್ನು ನೇರವಾಗಿ ಮುರಿಯಲಾರದು. ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿಯಾಗುವುದು. ಸುರಕ್ಷತಾ ಮಿತಿಗಳೆಲ್ಲ ಅದನ್ನೇ ಆಧರಿಸಿವೆ: ದೇಹವಿಡೀ ಕಿಲೋಗೆ 4 ವ್ಯಾಟ್ ಹೀರಿದರೆ ಉಷ್ಣತೆ ಒಂದು ಡಿಗ್ರಿಯಷ್ಟು ಏರಬಹುದು, ಅದನ್ನು 50ರಿಂದ ಭಾಗಿಸಿ ಸಾರ್ವಜನಿಕರಿಗೆ 0.08 ಎಂದು ಇಟ್ಟಿದ್ದಾರೆ. ಬಿಸಿಯನ್ನು ಬಿಟ್ಟು ಬೇರೆ ಪರಿಣಾಮ ಇದೆಯೇ ಎನ್ನುವ ಪ್ರಶ್ನೆಗೆ ಮುಂದೆ ಬರೋಣ.

ಮೊದಲ ಹೆಜ್ಜೆ: ಸಿಗ್ನಲ್ ಎಷ್ಟಿದೆ ನೋಡಿ

ಫೋನು ಯಾವಾಗಲೂ ಒಂದೇ ಶಕ್ತಿಯಲ್ಲಿ ಕೂಗುವುದಿಲ್ಲ. ಟವರಿಗೆ ಕೇಳುವಷ್ಟೇ ಕೂಗು ಎಂದು ಟವರೇ ಅದಕ್ಕೆ ಹೇಳುತ್ತಿರುತ್ತದೆ. 3ಜಿ ಕಾಲದಲ್ಲಿ ಈ ಸೂಚನೆ ಸೆಕೆಂಡಿಗೆ 1500 ಸಲ ಬರುತ್ತಿತ್ತು. 4ಜಿ ಫೋನಿನ ಗರಿಷ್ಠ ಶಕ್ತಿ 200 ಮಿಲಿವ್ಯಾಟ್. ಸಿಗ್ನಲ್ ಚೆನ್ನಾಗಿದ್ದಲ್ಲಿ ಅದು ಒಂದು ಮಿಲಿವ್ಯಾಟಿಗಿಂತಲೂ ಎಷ್ಟೋ ಕೆಳಗೆ ಇಳಿಯುತ್ತದೆ. ಟವರ್ ದೂರವಾದಷ್ಟೂ ನಿಮ್ಮ ಕೈಯಲ್ಲಿರುವ ಯಂತ್ರ ಜೋರಾಗುತ್ತದೆ. ಬೆಂಗಳೂರಿನ ಬಡಾವಣೆಯವರು ಟವರ್ ಬೇಡವೆಂದೂ ಮಲೆನಾಡಿನ ಹಳ್ಳಿಯವರು ಟವರ್ ಬೇಕೆಂದೂ ಅರ್ಜಿ ಹಿಡಿದು ನಿಲ್ಲುವ ರಾಜ್ಯದಲ್ಲಿ ಈ ಮಾತು ಇಬ್ಬರಿಗೂ ಗೊತ್ತಿರಬೇಕು.

ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ರೀತಿ ಎಣಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂಬ ದಾರಿಯಲ್ಲಿ ಹೋದರೆ ಸಿಗ್ನಲ್ ಸ್ಟ್ರೆಂತ್ ಎಂದು ಡಿಬಿಎಂ ಲೆಕ್ಕದಲ್ಲಿ ಒಂದು ಋಣ ಸಂಖ್ಯೆ ಕಾಣುತ್ತದೆ. ಕೆಲವು ಫೋನುಗಳಲ್ಲಿ ಅಬೌಟ್ ಫೋನ್ ಒಳಗೆ ಸ್ಟೇಟಸ್ ಎಂಬ ಇನ್ನೊಂದು ಪುಟ ದಾಟಬೇಕು. ಐಫೋನಿನಲ್ಲಿ *3001#12345#* ಎಂದು ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ಪರದೆ ತೆರೆಯುತ್ತದೆ. 4ಜಿ ಸಂಪರ್ಕದಲ್ಲಿ −90 ಅಥವಾ ಅದಕ್ಕಿಂತ ಮೇಲೆ (−80, −75) ಇದ್ದರೆ ಚೆನ್ನಾಗಿದೆ. −100ರ ಸುತ್ತಮುತ್ತ ಸಾಧಾರಣ. −110 ದಾಟಿ −115, −120ಕ್ಕೆ ಹೋದರೆ ಫೋನು ಹೆಚ್ಚೂಕಡಿಮೆ ಪೂರ್ತಿ ಬಲದಲ್ಲಿ ಕೂಗುತ್ತಿದೆ ಎಂದೇ ತಿಳಿಯಿರಿ. ಪ್ರತಿ 10 ಡಿಬಿ ಎಂದರೆ ಹತ್ತು ಪಟ್ಟು. ಕಿಟಕಿಯ ಬಳಿ −85, ಒಳಕೋಣೆಯಲ್ಲಿ −105 ಇದ್ದರೆ ಸಿಗ್ನಲ್ ನೂರು ಪಟ್ಟು ಇಳಿದಿದೆ, ಫೋನು ಅದನ್ನು ತನ್ನ ಕಡೆಯಿಂದ ತುಂಬಿಕೊಡಬೇಕು.

ಮನೆಯ ಪ್ರತಿ ಕೋಣೆಯಲ್ಲೂ ಫೋನನ್ನು ಒಂದು ನಿಮಿಷ ಮೇಜಿನ ಮೇಲಿಟ್ಟು ಸಂಖ್ಯೆ ಬರೆದುಕೊಳ್ಳಿ. ಉದ್ದ ಕರೆಗಳಿಗೆ ಯಾವ ಜಾಗ ಎಂದು ಆಗಲೇ ಗೊತ್ತಾಗುತ್ತದೆ. ಎಲ್ಲ ಕೋಣೆಯೂ −110ರ ಕೆಳಗಿದ್ದರೆ ವೈಫೈ ಕಾಲಿಂಗ್ ಹಾಕಿಕೊಳ್ಳಿ, ಆಗ ಫೋನು ಹತ್ತಿರದ ರೌಟರಿನ ಜೊತೆ ಮಾತ್ರ ಮಾತಾಡಿದರೆ ಸಾಕು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಅಥವಾ ಸಿಮ್ ವಿಭಾಗದಲ್ಲಿ ಅದು ಸಿಗುತ್ತದೆ. ಎರಡು ಸಿಮ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಹಾಕಬೇಕು. ಇದನ್ನು ಮರೆತು ಒಂದಕ್ಕೆ ಮಾತ್ರ ಹಾಕಿ, ಕೆಲಸ ಮಾಡುತ್ತಿಲ್ಲ ಎಂದು ಬಿಟ್ಟವರು ಬಹಳ.

ಇನ್ನು ಅಜ್ಜ-ಅಜ್ಜಿಯರ ಕೀಪ್ಯಾಡ್ ಫೋನು. ಚಿಕ್ಕದು, ದೊಡ್ಡ ಪರದೆ ಇಲ್ಲ, ಹಾಗಾಗಿ ವಿಕಿರಣವೂ ಕಡಿಮೆ ಎಂಬ ನಂಬಿಕೆ ಇದೆ. ಆ ಫೋನು 2ಜಿಯಲ್ಲಿ ನಡೆಯುತ್ತಿದ್ದರೆ ಸಂಗತಿ ಉಲ್ಟಾ. 900 ಮೆಗಾಹರ್ಟ್ಸ್‌ನ 2ಜಿ ಫೋನು ತನ್ನ ಸರದಿ ಬಂದಾಗ 2 ವ್ಯಾಟ್‌ವರೆಗೆ ಮಿಡಿಯುತ್ತದೆ. ಎಂಟರಲ್ಲಿ ಒಂದು ಸರದಿ ಮಾತ್ರ ಅದರದ್ದಾದ್ದರಿಂದ ಸರಾಸರಿ 0.25 ವ್ಯಾಟ್. ಜೊತೆಗೆ ಕರೆ ಕೂಡುವ ಮೊದಲ ಕ್ಷಣಗಳಲ್ಲಿ ಗರಿಷ್ಠ ಬಲದಲ್ಲೇ ಶುರು ಮಾಡಿ ಆಮೇಲೆ ಇಳಿಯುತ್ತದೆ. ಬದಲಿಸುವುದಿದ್ದರೆ ವೋಲ್ಟಿ (ಕರೆಯನ್ನೂ 4ಜಿಯಲ್ಲೇ ಸಾಗಿಸುವ ಸೌಲಭ್ಯ) ಇರುವ 4ಜಿ ಕೀಪ್ಯಾಡ್ ಫೋನು ಕೊಡಿಸಿ. ಬದಲಿಸದಿದ್ದರೆ, ರಿಂಗ್ ಆಗಿ ಆ ಕಡೆಯವರು ಎತ್ತಿದ ಮೇಲೆ ಕಿವಿಗೆ ಹಿಡಿಯುವ ಅಭ್ಯಾಸ ಮಾಡಿಸಿ.

ದೂರ ಇಡುವುದು

ಫೋನು ಮತ್ತು ತಲೆಯ ನಡುವೆ ಸೇರಿಸುವ ಮೊದಲ ಕೆಲವು ಸೆಂಟಿಮೀಟರಿನಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಸ್ಪೀಕರ್ ಹಾಕಿ ಒಂದು ಗೇಣು ದೂರ ಹಿಡಿದರೆ ತಲೆಗೆ ಇಳಿಯುವ ಶಕ್ತಿ ತೀರಾ ಕುಸಿಯುತ್ತದೆ. ವಯರ್ ಇರುವ ಇಯರ್‌ಫೋನು ಸಾಕು. ಆದರೆ ಇಯರ್‌ಫೋನ್ ಹಾಕಿ ಫೋನನ್ನು ಅಂಗಿಯ ಜೇಬಿನಲ್ಲೋ ಮಡಿಲಲ್ಲೋ ಇಟ್ಟರೆ ತಲೆಯದು ಮೈಗೆ ವರ್ಗವಾಯಿತು ಅಷ್ಟೆ. ಮೇಜಿನ ಮೇಲೆ, ಬ್ಯಾಗಿನಲ್ಲಿ ಇಡಿ. ಬ್ಲೂಟೂತ್ ಇಯರ್‌ಬಡ್‌ಗಳೂ ರೇಡಿಯೊಗಳೇ. ಆದರೆ ಕಿವಿಯಲ್ಲಿ ಸಿಕ್ಕಿಸುವ ಸಾಮಾನ್ಯ ವರ್ಗದವು 2.5 ಮಿಲಿವ್ಯಾಟ್ ದಾಟುವುದಿಲ್ಲ, ಪೂರ್ಣ ಬಲದ ಫೋನಿನ ಎಂಬತ್ತರಲ್ಲಿ ಒಂದು ಪಾಲು.

ಫೋನು ಕಳಿಸುವುದಕ್ಕೂ ಪಡೆಯುವುದಕ್ಕೂ ವ್ಯತ್ಯಾಸವಿದೆ. ಸಿನಿಮಾ ನೋಡುವಾಗ ಅದು ಹೆಚ್ಚಾಗಿ ಕೇಳಿಸಿಕೊಳ್ಳುತ್ತಿರುತ್ತದೆ, ಕಳಿಸುವುದು ಅಲ್ಪ. ವಿಡಿಯೊ ಕಾಲ್, ದೊಡ್ಡ ಫೈಲ್ ಅಪ್‌ಲೋಡ್, ಹಾಟ್‌ಸ್ಪಾಟ್ ಇವು ನಿರಂತರ ಪ್ರಸಾರ. ಇಂಥ ಹೊತ್ತಲ್ಲಿ ಫೋನು ತೊಡೆಯ ಮೇಲೆ ಬೇಡ. ಲಿಫ್ಟು, ನೆಲಮಾಳಿಗೆಯ ಪಾರ್ಕಿಂಗ್, ಘಾಟಿಯಲ್ಲಿ ಓಡುವ ಬಸ್ಸು, ಈ ಜಾಗಗಳಲ್ಲಿ ಲೋಹದ ಗೋಡೆ ಅಥವಾ ಬೆಟ್ಟ ಅಡ್ಡ ಬಂದು ಫೋನು ಬಲ ಏರಿಸುತ್ತದೆ, ಟವರ್‌ನಿಂದ ಟವರಿಗೆ ಹಾರುತ್ತಲೂ ಇರುತ್ತದೆ. ಉದ್ದ ಮಾತುಕತೆಯನ್ನು ಇಳಿದ ಮೇಲೆ ಇಟ್ಟುಕೊಳ್ಳಿ.

ಕರೆಯ ನಂತರ ಕಿವಿ ಬಿಸಿಯಾಗುವುದು ವಿಕಿರಣದ ಗುರುತಲ್ಲ. ಬ್ಯಾಟರಿ, ಪ್ರೊಸೆಸರ್ ಬಿಸಿಯಾಗುವುದರಿಂದಲೂ ಕಿವಿಗೆ ಗಾಳಿ ತಾಗದಂತೆ ಫೋನು ಒತ್ತಿರುವುದರಿಂದಲೂ ಹಾಗಾಗುತ್ತದೆ.

ರಾತ್ರಿ ತಲೆದಿಂಬಿನ ಕೆಳಗೆ ಫೋನು ಬೇಡ ಎನ್ನುವುದು ಒಳ್ಳೆಯ ಸಲಹೆ, ಆದರೆ ಕಾರಣ ಬೇರೆ. ಸುಮ್ಮನಿರುವ ಫೋನು ಆಗಾಗ ಕ್ಷಣಕಾಲ ಮಾತ್ರ ತನ್ನ ಇರವು ತಿಳಿಸುತ್ತದೆ. ದಿಂಬಿನಡಿ ಚಾರ್ಜಿಗೆ ಹಾಕಿದ ಫೋನಿನ ಬಿಸಿ ಹೋಗಲು ದಾರಿಯಿಲ್ಲದೆ ಬ್ಯಾಟರಿ ಕೆಡುವ, ಹೊತ್ತಿಕೊಳ್ಳುವ ಅಪಾಯವೂ ನಿದ್ದೆಗೇಡೂ ಅದಕ್ಕಿಂತ ದೊಡ್ಡವು. ಏರೋಪ್ಲೇನ್ ಮೋಡ್ ಹಾಕಿದರೆ ತುರ್ತು ಕರೆ ಬರುವುದಿಲ್ಲ. ವಯಸ್ಸಾದವರು ಬೇರೆ ಮನೆಯಲ್ಲಿದ್ದರೆ ಫೋನನ್ನು ಆರಿಸುವ ಬದಲು ಒಂದು ಮೀಟರ್ ಆಚೆ ಇಡಿ.

ಸಾರ್ ಸಂಖ್ಯೆ ಓದುವುದು

ಫೋನಿನಿಂದ ಅಂಗಾಂಶ ಕಿಲೋಗೆ ಎಷ್ಟು ವ್ಯಾಟ್ ಹೀರುತ್ತದೆ ಎಂಬ ಅಳತೆಯೇ ಸಾರ್ (SAR). *#07# ಡಯಲ್ ಮಾಡಿದರೆ ಬಹುತೇಕ ಫೋನುಗಳು ತಮ್ಮ ಸಾರ್ ಮೌಲ್ಯ ತೋರಿಸುತ್ತವೆ ಅಥವಾ ಅದಿರುವ ಪುಟಕ್ಕೆ ಒಯ್ಯುತ್ತವೆ. ಭಾರತದ ಮಿತಿ 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್. ಯುರೋಪಿನದು 10 ಗ್ರಾಂ ಸರಾಸರಿಯಲ್ಲಿ 2. ಸರಾಸರಿಯ ವಿಧಾನವೇ ಬೇರೆಯಾದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ವಿದೇಶದಿಂದ ತಂದ ಫೋನಿನ ಸಂಖ್ಯೆ ನೋಡುವಾಗ ಇದು ಮುಖ್ಯ.

ಸಾರ್ 0.6 ಇರುವ ಫೋನು 1.2 ಇರುವುದಕ್ಕಿಂತ ಎರಡು ಪಟ್ಟು ಸುರಕ್ಷಿತ ಎಂದು ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಾಗಿ. ಅದು ಪ್ರಯೋಗಾಲಯದಲ್ಲಿ ಫೋನನ್ನು ಗರಿಷ್ಠ ಬಲದಲ್ಲಿ ಓಡಿಸಿ ಪಡೆದ, ಅತಿ ಕೆಟ್ಟ ಸ್ಥಿತಿಯ ಸಂಖ್ಯೆ. ದಿನನಿತ್ಯ ಯಾವ ಫೋನು ಸಿಗ್ನಲನ್ನು ಚೆನ್ನಾಗಿ ಹಿಡಿದು ಕಡಿಮೆ ಬಲದಲ್ಲಿ ಕೆಲಸ ಮುಗಿಸುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ದೇಹಕ್ಕೆ ಎಷ್ಟು ಮಿಲಿಮೀಟರ್ ದೂರದಲ್ಲಿ ಅಳೆದರು ಎನ್ನುವುದೂ ಫಲಿತಾಂಶವನ್ನು ಬದಲಿಸುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಐಫೋನ್ 12ರ ಮಾರಾಟ ನಿಲ್ಲಿಸಿತಲ್ಲ, ಕೈಯಲ್ಲಿ ಹಿಡಿದ ಅಥವಾ ಜೇಬಿನಲ್ಲಿಟ್ಟ ಸ್ಥಿತಿಯ ಅಳತೆಯಲ್ಲಿ 4ರ ಮಿತಿಗೆ ಎದುರಾಗಿ 5.74 ಬಂದದ್ದು ಅದಕ್ಕೆ ಕಾರಣ. ತಲೆಯ ಅಳತೆಯಲ್ಲಿ ತಕರಾರಿರಲಿಲ್ಲ, ಸಾಫ್ಟ್‌ವೇರ್ ಅಪ್‌ಡೇಟ್‌ನಿಂದಲೇ ಸರಿಹೋಯಿತು. ಸಾಫ್ಟ್‌ವೇರ್ ಅಪ್‌ಡೇಟುಗಳನ್ನು ಮುಂದೂಡದಿರಲು ಇದೂ ಒಂದು ಕಾರಣ.

ಟವರನ್ನು ನೋಡಲು ಕಲಿಯಿರಿ

ಟವರಿನ ಮೇಲೆ ಕಾಣುವ ಎಲ್ಲವೂ ನಿಮ್ಮ ಕಡೆ ಪ್ರಸಾರ ಮಾಡುವುದಿಲ್ಲ. ನಿಂತ ಹಲಗೆಯಂಥ, ಒಂದರಿಂದ ಎರಡೂವರೆ ಮೀಟರ್ ಉದ್ದದ ಬಿಳಿ ಪೆಟ್ಟಿಗೆಗಳು ಸೆಕ್ಟರ್ ಆಂಟೆನಾಗಳು. ಸಾಮಾನ್ಯವಾಗಿ ಮೂರು ದಿಕ್ಕಿಗೆ, 120 ಡಿಗ್ರಿ ಅಂತರದಲ್ಲಿ ಇರುತ್ತವೆ. ಅವುಗಳ ಮುಖ ಯಾವ ಕಡೆ ಇದೆ ಎಂಬುದೇ ಮುಖ್ಯ, ಹಿಂಬದಿಗೆ ಹೋಗುವುದು ಅತ್ಯಲ್ಪ. ಅವಕ್ಕಿಂತ ಗಿಡ್ಡ, ಅಗಲ ಪೆಟ್ಟಿಗೆ ಕಂಡರೆ ಅದು 5ಜಿಯದ್ದಿರಬಹುದು. ಅದು ಬಳಸುವವರ ಕಡೆಗೆ ಮಾತ್ರ ಕಿರಣವನ್ನು ತಿರುಗಿಸುತ್ತಿರುತ್ತದೆ. ಜನರನ್ನು ಹೆಚ್ಚು ಹೆದರಿಸುವ ದುಂಡನೆಯ ಡೋಲುಗಳು ಒಂದು ಟವರಿನಿಂದ ಇನ್ನೊಂದು ಟವರಿಗೆ ಸಂಪರ್ಕ ಕೊಡುವ ಮೈಕ್ರೋವೇವ್ ಕೊಂಡಿಗಳು. ಅವುಗಳ ಕಿರಣ ಬಲು ಸಪೂರ, ತಲೆಯ ಮೇಲಿಂದಲೇ ಹಾದುಹೋಗುತ್ತದೆ.

ಸೆಕ್ಟರ್ ಆಂಟೆನಾದ ಕಿರಣ ಅಡ್ಡಕ್ಕೆ ಅಗಲ, ಮೇಲೆ-ಕೆಳಗೆ ಬರೀ ಏಳೆಂಟು ಡಿಗ್ರಿಯಷ್ಟು ತೆಳು. ಅದನ್ನು ಸ್ವಲ್ಪ ಕೆಳಕ್ಕೆ ಬಾಗಿಸಿರುತ್ತಾರೆ. 25 ಮೀಟರ್ ಎತ್ತರದ ಆಂಟೆನಾ 6 ಡಿಗ್ರಿ ಬಾಗಿದ್ದರೆ ಕಿರಣದ ನಡುಭಾಗ ನೆಲ ಮುಟ್ಟುವುದು ಸುಮಾರು 240 ಮೀಟರ್ ಆಚೆ. ಟವರಿನ ಬುಡದಲ್ಲಿರುವ ಮನೆಗೆ ಅಂಚಿನ ಚೂರುಪಾರು ಮಾತ್ರ ಬೀಳುತ್ತದೆ, ದೀಪದ ಬುಡದಲ್ಲಿ ಕತ್ತಲೆ ಇದ್ದಹಾಗೆ. ತಮ್ಮದೇ ತಾರಸಿಯ ಮೇಲೆ ಟವರ್ ಇದೆ ಎಂದು ನಿದ್ದೆಗೆಡುವವರು ಇದನ್ನು ಗಮನಿಸಬೇಕು. ಆಂಟೆನಾ ಮುಖ ಆಚೆಗಿದೆ, ನಡುವೆ ಕಾಂಕ್ರೀಟು ಬೇರೆ.

ಹಾಗಾದರೆ ನಿಜವಾಗಿ ನೋಡಬೇಕಾದದ್ದು ಏನು? ಆಂಟೆನಾದ ಎತ್ತರದಲ್ಲೇ, ಅದರ ಮುಖದ ನೇರಕ್ಕೆ, ಹತ್ತಿರದಲ್ಲಿ ಇರುವ ಬಾಲ್ಕನಿ ಅಥವಾ ತಾರಸಿ. ದೂರಸಂಪರ್ಕ ಇಲಾಖೆಯ ಮಾರ್ಗಸೂಚಿ ಇದಕ್ಕೇ ದೂರ ಗೊತ್ತುಪಡಿಸಿತ್ತು: ಒಂದು ಆಂಟೆನಾ ಇದ್ದರೆ 20 ಮೀಟರ್, ಎರಡಕ್ಕೆ 35, ನಾಲ್ಕಕ್ಕೆ 45, ಆರಕ್ಕೆ 55, ಎಂಟಕ್ಕೆ 65, ಹನ್ನೆರಡಕ್ಕೆ 75. ಇದು ಅದೇ ಎತ್ತರದಲ್ಲಿ ಮುಂದೆ ನಿಂತ ಕಟ್ಟಡಕ್ಕೆ ಮಾತ್ರ ಅನ್ವಯ, ಸುತ್ತಲ ಎಲ್ಲ ಮನೆಗಳಿಗೂ ಅಲ್ಲ. ಒಂದೇ ದಿಕ್ಕಿಗೆ ಮುಖ ಮಾಡಿದ ಆಂಟೆನಾಗಳನ್ನು ಎಣಿಸಿ. ದೂರ ಅಳೆಯಲು ಫೋನಿನ ನಕ್ಷೆಯಲ್ಲಿ ಎರಡು ಬಿಂದುಗಳ ನಡುವಿನ ಅಂತರ ನೋಡುವುದು ಸಾಕು.

ಇನ್ನೊಂದು ಜಾಗವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ತಾರಸಿಯಲ್ಲೇ ಗಿಡ್ಡ ಕಂಬಕ್ಕೆ ಕಟ್ಟಿದ ಆಂಟೆನಾದ ಎದುರು. ನೀರಿನ ಟ್ಯಾಂಕ್ ತೊಳೆಯುವವರು, ಬಣ್ಣ ಬಳಿಯುವವರು, ಸೋಲಾರ್ ಹೀಟರ್ ರಿಪೇರಿಯವರು ಅದರ ಮುಂದೆ ಒಂದೆರಡು ಮೀಟರಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಮೊದಲು ಹೇಳಿದ ಉದಾಹರಣೆಯಲ್ಲೇ (20 ವ್ಯಾಟಿನ 50 ಪಟ್ಟು, ಅಂದರೆ 1000 ವ್ಯಾಟ್ ಪರಿಣಾಮ), 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್ ಮಿತಿ ಹಿಡಿದರೆ, ಮುಂಭಾಗದ ಸುಮಾರು 13 ಮೀಟರ್ ಒಳಗೆ ಅದು ಮೀರುತ್ತದೆ. ನಿಮ್ಮ ಕಟ್ಟಡದಲ್ಲಿ ಇಂಥದ್ದಿದ್ದರೆ ಆ ಭಾಗಕ್ಕೆ ಸರಪಳಿ, ಎಚ್ಚರಿಕೆ ಫಲಕ ಹಾಕಿಸಿ. ಟ್ಯಾಂಕ್ ಅದರ ಮುಂದೇ ಇದ್ದರೆ ಮುಂಚಿತವಾಗಿ ತಿಳಿಸಿದರೆ ಕೆಲಸದ ಹೊತ್ತಿಗೆ ಕಂಪನಿ ಆ ಸೆಕ್ಟರನ್ನು ನಿಲ್ಲಿಸಬೇಕೆಂದು ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳಿ.

ಅಳತೆ ಮಾಡಿಸುವುದು

ಭಾರತ 2008ರಲ್ಲಿ ಇಂಥ ವಿಕಿರಣದಿಂದ ರಕ್ಷಣೆಗೆ ಮಿತಿ ಸೂಚಿಸುವ ಅಂತಾರಾಷ್ಟ್ರೀಯ ಆಯೋಗವಾದ ಐಸಿಎನ್‌ಐಆರ್‌ಪಿಯ ಮಿತಿಗಳನ್ನು ಒಪ್ಪಿಕೊಂಡಿತು. 2012ರ ಸೆಪ್ಟೆಂಬರ್ 1ರಿಂದ ಟವರುಗಳಿಗೆ ಅದರ ಹತ್ತನೇ ಒಂದು ಪಾಲಿಗೆ ಇಳಿಸಿತು: 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್, 1800ಕ್ಕೆ 0.9, 2000ದ ಮೇಲೆ 1. ಮಿತಿಗಳು ಕಾಲಕಾಲಕ್ಕೆ ಪರಿಷ್ಕಾರವಾಗುತ್ತವೆ. ಆದ್ದರಿಂದ ಹಳೆಯ ವಾಟ್ಸ್‌ಆ್ಯಪ್ ಸಂದೇಶದ ಸಂಖ್ಯೆಗೆ ಹೋಲಿಸದೆ, ನಿಮ್ಮ ಕೈಗೆ ಬಂದ ವರದಿಯಲ್ಲೇ ನಮೂದಿಸಿರುವ ಮಿತಿಗೆ ಹೋಲಿಸಿ.

ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಪೋರ್ಟಲ್ 2017ರ ಮೇ ತಿಂಗಳಲ್ಲಿ ಶುರುವಾಯಿತು. ಅದರಲ್ಲಿ ನಿಮ್ಮ ವಿಳಾಸ ಹಾಕಿದರೆ ಸುತ್ತಲಿನ ಟವರುಗಳು ನಕ್ಷೆಯಲ್ಲಿ ಕಾಣುತ್ತವೆ. ಪ್ರತಿ ಟವರ್ ಯಾವ ಕಂಪನಿಯದು, ಯಾವ ತಂತ್ರಜ್ಞಾನದ್ದು, ಮಿತಿಗೆ ಒಳಪಟ್ಟಿದೆಯೇ ಎಂಬ ವಿವರ ಸಿಗುತ್ತದೆ. ನಕ್ಷೆಯಲ್ಲಿ ಇಲ್ಲದ ಟವರ್ ಕಣ್ಣೆದುರು ಇದ್ದರೆ ಅದೇ ದೂರು ಕೊಡಲು ಕಾರಣವಾಗುತ್ತದೆ. ನಿಮ್ಮ ಜಾಗದಲ್ಲೇ ಅಳತೆ ಬೇಕೆಂದರೆ ಅಲ್ಲೇ ಅರ್ಜಿ ಹಾಕಬಹುದು. ಪೋರ್ಟಲ್ ಆರಂಭದಲ್ಲಿ ಇದಕ್ಕೆ 4000 ರೂಪಾಯಿ ಶುಲ್ಕವಿತ್ತು, ಕಟ್ಟುವ ಮೊದಲು ಈಗಿನ ದರ ನೋಡಿಕೊಳ್ಳಿ. ಇಲಾಖೆಯ ಕ್ಷೇತ್ರ ಘಟಕದವರು ಉಪಕರಣದೊಂದಿಗೆ ಬರುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆಯವರು ಸೇರಿ ಶುಲ್ಕ ಹಂಚಿಕೊಂಡರೆ ಹೊರೆಯಾಗದು.

ಅವರು ಬಂದಾಗ ನೀವು ಜೊತೆಗಿರಿ. ಆಂಟೆನಾಗೆ ಮುಖ ಮಾಡಿದ ಬಾಲ್ಕನಿ, ಮಕ್ಕಳು ಮಲಗುವ ಕೋಣೆ, ತಾರಸಿ, ಈ ಮೂರನ್ನೂ ಅಳೆಯಲು ಕೇಳಿ. ಮನೆಯವರ ಫೋನುಗಳನ್ನೆಲ್ಲ ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ರೌಟರ್ ಆರಿಸಿ. ಅಳೆಯುವ ಕಡ್ಡಿಯ ಪಕ್ಕ ಜೇಬಿನಲ್ಲಿ ಫೋನಿಟ್ಟುಕೊಂಡು ನಿಂತರೆ ದಾಖಲಾಗುವುದು ಟವರಲ್ಲ, ನಿಮ್ಮ ಫೋನು. ಕಣ್ಣು ಹಾಯಿಸಿ ಬಂದ ಕ್ಷಣಿಕ ಗರಿಷ್ಠ ಸಂಖ್ಯೆಗಿಂತ ಆರು ನಿಮಿಷದ ಸರಾಸರಿಯೇ ಅರ್ಥಪೂರ್ಣ. ಸಂಜೆ ಹೊತ್ತು ಟವರಿನ ಮೇಲೆ ಹೊರೆ ಹೆಚ್ಚು, ಬೆಳಗಿನ ಜಾವ ಕಡಿಮೆ. ಸಮಯವನ್ನೂ ಬರೆಸಿಕೊಳ್ಳಿ.

ವರದಿ ಕೈಗೆ ಬಂದಾಗ ಜನ ಎಡವುವುದು ಘಟಕಗಳಲ್ಲಿ. ಚದರ ಮೀಟರಿಗೆ 1 ವ್ಯಾಟ್ ಎಂದರೆ 1000 ಮಿಲಿವ್ಯಾಟ್, 10 ಲಕ್ಷ ಮೈಕ್ರೋವ್ಯಾಟ್. ಅದನ್ನೇ ಚದರ ಸೆಂಟಿಮೀಟರಿಗೆ ಬರೆದರೆ 100 ಮೈಕ್ರೋವ್ಯಾಟ್. ಚದರ ಮೀಟರಿಗೆ 8000 ಮೈಕ್ರೋವ್ಯಾಟ್ ಎಂದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಅದು ಮೇಲೆ ಹೇಳಿದ 8 ಮಿಲಿವ್ಯಾಟೇ, 0.45ರ ಮಿತಿಯ ಐವತ್ತರಲ್ಲಿ ಒಂದಕ್ಕಿಂತ ಕಡಿಮೆ. ಶೀಲ್ಡಿಂಗ್ ಬಟ್ಟೆ ಮಾರುವವರು ಸದಾ ಮೈಕ್ರೋವ್ಯಾಟಿನಲ್ಲೇ ಮಾತಾಡುವುದು ಸುಮ್ಮನಲ್ಲ. ಮೀಟರಿಗೆ ವೋಲ್ಟ್ ಲೆಕ್ಕದಲ್ಲಿ ಕೊಟ್ಟಿದ್ದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 377ರಿಂದ ಭಾಗಿಸಿ, ಚದರ ಮೀಟರಿಗೆ ವ್ಯಾಟ್ ಬರುತ್ತದೆ. 1 ವೋಲ್ಟ್ ಎಂದರೆ 2.65 ಮಿಲಿವ್ಯಾಟ್, 13 ವೋಲ್ಟ್ ಎಂದರೆ 0.45 ವ್ಯಾಟ್. ವೋಲ್ಟ್ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಹಲವು ಆವರ್ತನಗಳಿದ್ದರೆ ಪ್ರತಿಯೊಂದನ್ನೂ ಅದರದರ ಮಿತಿಯಿಂದ ಭಾಗಿಸಿ ಕೂಡಿಸುತ್ತಾರೆ, ಮೊತ್ತ 1ಕ್ಕಿಂತ ಕಡಿಮೆ ಇರಬೇಕು.

ಸುಳ್ಳು ಅಳತೆ, ಸುಳ್ಳು ಕವಚ

ಫೋನಿಗೆ ಹಾಕಿಕೊಳ್ಳುವ ‘ರೇಡಿಯೇಷನ್ ಡಿಟೆಕ್ಟರ್’ ಆ್ಯಪ್‌ಗಳು ರೇಡಿಯೊ ತರಂಗವನ್ನು ಅಳೆಯುವುದೇ ಇಲ್ಲ. ಅವು ಓದುವುದು ಫೋನಿನೊಳಗಿನ ದಿಕ್ಸೂಚಿಯ ಕಾಂತಮಾಪಕವನ್ನು. ಬೆಂಗಳೂರಿನಲ್ಲಿ ಅದು ಸುಮ್ಮನೆ 40 ಮೈಕ್ರೋಟೆಸ್ಲಾ ಆಸುಪಾಸು ತೋರಿಸುತ್ತದೆ, ಅದು ಭೂಮಿಯದೇ ಕಾಂತಕ್ಷೇತ್ರ. ಕಬ್ಬಿಣದ ಮಂಚದ ಹತ್ತಿರ ಒಯ್ದರೆ ಜಿಗಿಯುತ್ತದೆ, ನೋಡಿದವರು ಹೌಹಾರುತ್ತಾರೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಮೀಟರುಗಳಲ್ಲೂ ಹಲವು 50 ಹರ್ಟ್ಸ್‌ನ ಮನೆ ವಿದ್ಯುತ್ತಿಗೆ ಮಾಡಿದವು: ಮಿಕ್ಸಿ, ಫ್ರಿಜ್ ಬಳಿ ಕುಣಿಯುತ್ತವೆ, ಟವರಿಗೆ ಕಿವುಡು. ಕೊಳ್ಳುವುದೇ ಆದರೆ ಮೂರೂ ಅಕ್ಷಗಳಲ್ಲಿ ಅಳೆಯುವ, ಕನಿಷ್ಠ 700 ಮೆಗಾಹರ್ಟ್ಸ್‌ನಿಂದ 3.7 ಗಿಗಾಹರ್ಟ್ಸ್‌ವರೆಗೆ ವ್ಯಾಪ್ತಿಯಿರುವ, ಕ್ಯಾಲಿಬ್ರೇಷನ್ ಪತ್ರ ಕೊಡುವ ಉಪಕರಣ ಬೇಕು. ಅದರ ಬೆಲೆಯ ಮುಂದೆ ಇಲಾಖೆಯ ಶುಲ್ಕವೇ ವಾಸಿ.

ಫೋನಿನ ಬೆನ್ನಿಗೆ ಅಂಟಿಸುವ ಚಿಪ್, ಸ್ಟಿಕರ್‌ಗಳದು ಇಕ್ಕಟ್ಟಿನ ತರ್ಕ. ಅದು ತರಂಗವನ್ನು ತಡೆಯದಿದ್ದರೆ ದುಡ್ಡು ದಂಡ. ನಿಜಕ್ಕೂ ತಡೆದರೆ ಸಿಗ್ನಲ್ ಕುಗ್ಗಿ ಫೋನು ಬಲ ಏರಿಸುತ್ತದೆ. ಲೋಹದ ಕವರುಗಳೂ ಹಾಗೇ. ಬ್ರಿಟನ್ನಿನಲ್ಲಿ 2020ರಲ್ಲಿ 300 ಪೌಂಡಿಗೂ ಮೇಲೆ ಮಾರುತ್ತಿದ್ದ 5ಜಿ ಕವಚವನ್ನು ಬಿಚ್ಚಿ ನೋಡಿದಾಗ ಸಿಕ್ಕಿದ್ದು 128 ಎಂಬಿಯ ಮಾಮೂಲಿ ಪೆನ್‌ಡ್ರೈವ್. ಅದೇ ವರ್ಷ ನಮ್ಮಲ್ಲಿ ಸಗಣಿಯ ಚಿಪ್ ವಿಕಿರಣ ತಗ್ಗಿಸುತ್ತದೆಂದು ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಹೇಳಿದಾಗ ನೂರಾರು ವಿಜ್ಞಾನಿಗಳು ಪುರಾವೆ ಕೇಳಿದ್ದರು. ಎಲ್ಲಕ್ಕಿಂತ ವಿಪರೀತ 2021ರ ಡಿಸೆಂಬರಿನದು: 5ಜಿಯಿಂದ ಕಾಪಾಡುತ್ತವೆಂದು ಮಾರಾಟವಾಗುತ್ತಿದ್ದ ಹಾರ, ಕಣ್ಪಟ್ಟಿ ಮುಂತಾದ ಹತ್ತು ವಸ್ತುಗಳು ತಾವೇ ವಿಕಿರಣಶೀಲವಾಗಿವೆ, ಧರಿಸಬೇಡಿ ಎಂದು ನೆದರ್‌ಲ್ಯಾಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿತು. ಅವುಗಳಿಂದ ಹೊಮ್ಮುತ್ತಿದ್ದದ್ದು ಡಿಎನ್‌ಎ ಮುರಿಯಬಲ್ಲ ಜಾತಿಯ ವಿಕಿರಣ.

ಕ್ಯಾನ್ಸರ್ ಪ್ರಶ್ನೆ

2011ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ರೇಡಿಯೊ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿತು. ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸೀಮಿತ’ ಎಂಬುದು ಅದರ ತಾತ್ಪರ್ಯ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಆ ಗುಂಪು ಹೇಳುವುದಿಲ್ಲ. ಅದಕ್ಕೆ ಮುಖ್ಯ ಆಧಾರವಾದದ್ದರಲ್ಲಿ 13 ದೇಶಗಳ ಇಂಟರ್‌ಫೋನ್ ಅಧ್ಯಯನವೊಂದು. 2010ರಲ್ಲಿ ಬಂದ ಅದರಲ್ಲಿ ಒಟ್ಟಾರೆ ಅಪಾಯ ಹೆಚ್ಚಿರಲಿಲ್ಲ. 1640 ಗಂಟೆಗೂ ಹೆಚ್ಚು ಮಾತಾಡಿದವರಲ್ಲಿ ಮಾತ್ರ ಗ್ಲಿಯೋಮಾ ಎಂಬ ಮಿದುಳು ಗೆಡ್ಡೆಯ ಸಾಧ್ಯತೆ 1.4 ಪಟ್ಟು ಕಂಡಿತ್ತು. ಆದರೆ ಹಳೆಯ ಬಳಕೆಯನ್ನು ರೋಗಿಗಳ ನೆನಪಿನಿಂದ ಕೇಳಿ ಬರೆದದ್ದು, ದಿನಕ್ಕೆ ಐದು ಗಂಟೆಗೂ ಮಿಗಿಲು ಎಂದು ನಂಬಲಾಗದಂತೆ ಹೇಳಿದವರೂ ಇದ್ದರು.

ಆಮೇಲಿನ ಅಧ್ಯಯನಗಳು ಬಳಕೆಯನ್ನು ಮೊದಲೇ ದಾಖಲಿಸಿ ಜನರನ್ನು ಹಿಂಬಾಲಿಸಿದವು. ಬ್ರಿಟನ್ನಿನ ಏಳೂಮುಕ್ಕಾಲು ಲಕ್ಷ ಮಹಿಳೆಯರ ಅಧ್ಯಯನ 2022ರಲ್ಲಿಯೂ, ಯುರೋಪಿನ 2.6 ಲಕ್ಷ ಜನರ ಕಾಸ್ಮೋಸ್ 2024ರಲ್ಲಿಯೂ ಮಿದುಳು ಗೆಡ್ಡೆ ಹೆಚ್ಚಿದ್ದನ್ನು ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ 63 ಅಧ್ಯಯನಗಳ ಪರಿಶೀಲನೆಯೂ 2024ರಲ್ಲಿ ಅದನ್ನೇ ಹೇಳಿತು. ಇನ್ನೊಂದು ಬದಿಯಲ್ಲಿ ಇಲಿಗಳ ಪ್ರಯೋಗವಿದೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2018ರಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆಗಳಿಗೆ ಸ್ಪಷ್ಟ ಪುರಾವೆ ಕಂಡಿತು. ಆ ಇಲಿಗಳಿಗೆ ಎರಡು ವರ್ಷ, ದಿನಕ್ಕೆ ಒಟ್ಟು 9 ಗಂಟೆ, ಇಡೀ ದೇಹಕ್ಕೆ ಕಿಲೋಗೆ 1.5ರಿಂದ 6 ವ್ಯಾಟ್ ಕೊಟ್ಟಿದ್ದರು, ಮನುಷ್ಯರ ಪೂರ್ಣದೇಹದ ಮಿತಿ 0.08. ವಿಚಿತ್ರವೆಂದರೆ ವಿಕಿರಣಕ್ಕೆ ಒಡ್ಡಿದ ಗಂಡು ಇಲಿಗಳು ಒಡ್ಡದವಕ್ಕಿಂತ ಹೆಚ್ಚು ಕಾಲ ಬದುಕಿದವು. ಈ ಫಲಿತಾಂಶವನ್ನು ತಳ್ಳಿಹಾಕುವುದೂ ಸರಿಯಲ್ಲ, ಎದುರಿನ ಟವರಿಗೆ ಅನ್ವಯಿಸುವುದೂ ಸರಿಯಲ್ಲ. ಖರ್ಚಿಲ್ಲದ ಮುನ್ನೆಚ್ಚರಿಕೆಗೆ, ಅಂದರೆ ಸ್ಪೀಕರ್ ಹಾಕಿ ದೂರ ಹಿಡಿಯುವುದಕ್ಕೆ, ಇಷ್ಟು ಕಾರಣ ಸಾಕು.

ಪ್ಯಾಂಟಿನ ಜೇಬು ಮತ್ತು ವೀರ್ಯದ ಬಗ್ಗೆ ಕೇಳುವವರು ಬಹಳ. 2023ರಲ್ಲಿ ಪ್ರಕಟವಾದ ಸ್ವಿಸ್ ಅಧ್ಯಯನ 2886 ಯುವಕರನ್ನು ನೋಡಿತ್ತು. ದಿನಕ್ಕೆ 20 ಸಲಕ್ಕಿಂತ ಹೆಚ್ಚು ಫೋನ್ ಬಳಸುವವರಲ್ಲಿ ವೀರ್ಯಾಣು ಸಾಂದ್ರತೆ ಕಡಿಮೆಯಿತ್ತು. ಜೇಬಿನಲ್ಲಿ ಇಡುವುದಕ್ಕೂ ಅದಕ್ಕೂ ನಂಟು ಕಾಣಲಿಲ್ಲ. 2ಜಿಯಿಂದ 4ಜಿಗೆ ಬಂದಂತೆ ನಂಟು ಕ್ಷೀಣಿಸಿತು. ಕಾರಣ ವಿಕಿರಣವೋ ಜೀವನಕ್ರಮವೋ ಅದರಿಂದ ತೀರ್ಮಾನವಾಗುವುದಿಲ್ಲ. ಮಕ್ಕಳಾಗಲು ಕಾಯುತ್ತಿರುವವರು ಫೋನನ್ನು ಬ್ಯಾಗಿನಲ್ಲಿಡುವುದರಿಂದ ಕಳೆದುಕೊಳ್ಳುವುದೇನಿಲ್ಲ. ಆದರೆ ವೈದ್ಯರ ಬಳಿ ಹೋಗುವುದನ್ನು ಅದಕ್ಕಾಗಿ ಮುಂದೂಡಬೇಡಿ.

ಮಕ್ಕಳ ತಲೆಬುರುಡೆ ತೆಳು, ತರಂಗ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಬ್ರಿಟನ್ನಿನ ಸ್ಟುವರ್ಟ್ ಸಮಿತಿ 2000ದಲ್ಲೇ ಮಕ್ಕಳ ಅನಗತ್ಯ ಕರೆಗಳನ್ನು ತಗ್ಗಿಸಲು ಹೇಳಿತ್ತು. ಮಕ್ಕಳು ಈಗ ಫೋನನ್ನು ಕಿವಿಗೆ ಹಿಡಿಯುವುದೇ ಅಪರೂಪ. ಆಟ, ವಿಡಿಯೊಗಳನ್ನು ಡೌನ್‌ಲೋಡ್ ಮಾಡಿ ಏರೋಪ್ಲೇನ್ ಮೋಡಿನಲ್ಲಿ ಕೊಟ್ಟರೆ ಈ ಚಿಂತೆ ಮುಗಿಯಿತು. ಕಣ್ಣಿನ, ನಿದ್ದೆಯ ಚಿಂತೆ ಬೇರೆಯೇ.

ವೈದ್ಯರು ನಿಜಕ್ಕೂ ಗಮನಿಸುವ ಎರಡು ಸಂಗತಿ

ಪೇಸ್‌ಮೇಕರ್ ಅಥವಾ ಐಸಿಡಿ (ಹೃದಯದ ಬಡಿತ ಅಪಾಯಕರವಾಗಿ ತಪ್ಪಿದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ, ಮೈಯೊಳಗೆ ಅಳವಡಿಸಿದ ಸಾಧನ) ಇರುವವರು ಫೋನನ್ನು ಅದರಿಂದ 15 ಸೆಂಟಿಮೀಟರ್ ದೂರ ಇಡಬೇಕು. ಎಡ ಎದೆಯಲ್ಲಿ ಸಾಧನ ಇದ್ದರೆ ಬಲಗಿವಿ ಬಳಸಿ, ಅಂಗಿಯ ಎದೆಜೇಬು ಪೂರ್ತಿ ನಿಷಿದ್ಧ. ಬೆನ್ನಿನಲ್ಲಿ ಅಯಸ್ಕಾಂತವಿರುವ ಫೋನು, ನಿಸ್ತಂತು ಚಾರ್ಜರುಗಳು ಬಂದಮೇಲೆ ಇದು ಇನ್ನೂ ಮುಖ್ಯ. ಆ ಅಯಸ್ಕಾಂತ ಸಾಧನದ ಕೆಲಸದ ರೀತಿಯನ್ನೇ ತಾತ್ಕಾಲಿಕವಾಗಿ ಬದಲಿಸಬಲ್ಲದು. ಚಾರ್ಜ್ ಆಗುವಾಗ 30 ಸೆಂಟಿಮೀಟರ್‌ಗಿಂತ ಹೆಚ್ಚು ದೂರ ಇರಲಿ.

ಟವರ್ ಬಂದಾಗಿನಿಂದ ತಲೆನೋವು, ನಿದ್ದೆಯಿಲ್ಲ, ಕಿವಿಯಲ್ಲಿ ಗುಂಯ್‌ಗುಡುವುದು ಎನ್ನುವವರ ನೋವು ಸುಳ್ಳಲ್ಲ. ಆದರೆ ತರಂಗ ಇದೆಯೋ ಇಲ್ಲವೋ ಎಂಬುದನ್ನು ರೋಗಿಗೂ ಪರೀಕ್ಷಕರಿಗೂ ತಿಳಿಸದೆ ನಡೆಸಿದ ಪ್ರಯೋಗಗಳಲ್ಲಿ ಇಂಥವರು ಅದನ್ನು ಗುರುತಿಸಲಾಗಲಿಲ್ಲ, ತರಂಗ ಇಲ್ಲದಾಗಲೂ ಲಕ್ಷಣಗಳು ಬಂದವು. ಆದ್ದರಿಂದ ಟವರನ್ನೇ ಗುರಿ ಮಾಡಿ ಕೂತರೆ ರಕ್ತದೊತ್ತಡ, ಕನ್ನಡಕದ ಪವರ್, ನಿದ್ದೆಯಲ್ಲಿ ಉಸಿರುಗಟ್ಟುವಿಕೆ, ಥೈರಾಯಿಡ್ ಯಾವುದೂ ಪತ್ತೆಯಾಗದೆ ಉಳಿಯುತ್ತದೆ. ಎರಡು ವಾರ ಲಕ್ಷಣದ ದಿನಚರಿ ಬರೆದು ವೈದ್ಯರಿಗೆ ತೋರಿಸಿ. ಅದರಲ್ಲಿ ಜನರೇಟರ್ ಓಡಿದ ಹೊತ್ತನ್ನೂ ಬರೆಯಿರಿ.

ಯಾಕೆಂದರೆ ಟವರ್ ಪಕ್ಕದ ಮನೆಯ ನಿದ್ದೆ ಕೆಡಿಸುವುದು ಎಷ್ಟೋ ಸಲ ಆ ಡೀಸೆಲ್ ಜನರೇಟರು. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಜನರೇಟರಿನ ಕವಚದಿಂದ ಒಂದು ಮೀಟರಿನಲ್ಲಿ 75 ದಾಟುವಂತಿಲ್ಲ. ಇದನ್ನು ಫೋನಿನ ಆ್ಯಪ್‌ನಲ್ಲೇ ಅಂದಾಜು ಮಾಡಬಹುದು, ಮೈಕ್ ನಿಜಕ್ಕೂ ಶಬ್ದವನ್ನು ಅಳೆಯುತ್ತದೆ. ಮೀರಿದೆ ಎನಿಸಿದರೆ ದೂರನ್ನು ದೂರಸಂಪರ್ಕ ಇಲಾಖೆಗಲ್ಲ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಪೊಲೀಸರಿಗೂ ಕೊಡಿ. ತಾರಸಿಯ ಟವರಾದರೆ ಸ್ಥಳೀಯ ಸಂಸ್ಥೆಯಲ್ಲಿ ಕಟ್ಟಡದ ಭಾರ ತಾಳುವ ಶಕ್ತಿಯ ಪ್ರಮಾಣಪತ್ರದ ಪ್ರತಿ ಕೇಳಿ. ಅದರಲ್ಲಿ ಟವರಿನ ತೂಕದ ಜೊತೆ ಬ್ಯಾಟರಿ ಮತ್ತು ಜನರೇಟರಿನ ತೂಕವನ್ನೂ ಸೇರಿಸಿದ್ದಾರೆಯೇ, ಗಾಳಿಯ ಒತ್ತಡದ ಲೆಕ್ಕ ಇದೆಯೇ, ಆಮೇಲೆ ಬೇರೆ ಕಂಪನಿಗಳ ಆಂಟೆನಾ ಸೇರಿದಾಗ ಮತ್ತೆ ಲೆಕ್ಕ ಹಾಕಿದ್ದಾರೆಯೇ ಎಂದು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ.